ಪ್ಲಸ್ ಹತ್ತು ಮೂವತ್ತು

ನವೆಂಬರ್ 10, 2024. ಭಾನುವಾರ, ಬೆಳಗ್ಗೆ 9.40. ಕ್ಯಾನಿಂಗ್ ವೇಲ್, ಪರ್ತ್

ಮತ್ತೆ ಬಿಲ್ಡ್ ಫೇಲ್. ಹದಿನೇಳನೇ ಸಲ. ರೆಡ್‌ಮೋಟ್ ಗೇಮ್ ಬರೆದ ಪುಣ್ಯಾತ್ಮರು ಜಗತ್ತಿನಲ್ಲಿ ಲಿನಕ್ಸ್ ಒಂದೇ ಇದೆ ಅಂದುಕೊಂಡಿದ್ದಾರೆ. ಅವರ ಸರ್ವರ್ ನಮ್ಮ ಆಪರೇಟಿಂಗ್ ಸಿಸ್ಟಮ್ ಫ್ರೀಬಿಎಸ್‌ಡಿಯಲ್ಲಿ ಇಲ್ಲದ ಫೋಲ್ಡರನ್ನು ಹುಡುಕಿಕೊಂಡು ಹೋಗುತ್ತದೆ, ಸಿಗದೆ ಅಲ್ಲೇ ಬಿದ್ದು ಸಾಯುತ್ತದೆ. ಎರಡು ಪ್ಯಾಚ್ ಬರೆದೆ, ಕೋಡಿಗೆ ಹಾಕುವ ತೇಪೆ. ಮೂರನೆಯದು ಬಾಕಿ.

ನಡುವೆ ಮೈಸೂರಿನಿಂದ ಅಮ್ಮನ ಫೋನ್. "ಯಾವಾಗ್ ನೋಡಿದ್ರೂ ಕುಟ್ತಾನೇ ಇರ್ತೀಯಲ್ಲೇ ಇಂದು, ಅದೇನು ಕೆಲ್ಸ?" ಹೇಳಿದೆ. ಹದಿನಾರು ಜನ ಒಟ್ಟಿಗೆ ಆಡುವ ಗೇಮ್, ಕೋಟೆಗೆ ನುಗ್ಗಿ ಒಬ್ಬರನ್ನೊಬ್ಬರು ಕೊಚ್ಚುವುದು. ಅದರ ಸರ್ವರ್ ಬೇರೆಯವರ ಒಲೆಗೆ ಮಾಡಿದ ಪಾತ್ರೆ. ತಳ ತಟ್ಟಿ, ನಮ್ಮ ಒಲೆಯ ಮೇಲೆ ಕೂರುವ ಹಾಗೆ ಮಾಡಿಕೊಡುವುದು ನನ್ನ ಕೆಲಸ. ಆಮೇಲೆ ಯಾರು ಬೇಕಾದರೂ ಒಂದು ಸಾಲು ಟೈಪ್ ಮಾಡಿ ಇನ್‌ಸ್ಟಾಲ್ ಮಾಡಿಕೊಳ್ಳಬಹುದು.

"ಸಂಬಳ ಕೊಡ್ತಾರಾ?"

"ಇಲ್ಲ. ಹೆಸರು ಹಾಕ್ತಾರೆ. ಫೈಲ್ ಮೇಲ್ಗಡೆ, ಮೇಂಟೇನರ್, ಅಂದ್ರೆ ನೋಡ್ಕೊಳ್ಳೋಳು, ಇಂದುಮತಿ ಅಂತ."

ಅಮ್ಮ ನಕ್ಕರು. ನಗಲಿ. ವೀಸಾ ಗಂಡ ಶ್ರೀಹರಿಯದು, ನಾನು ಅದರ ಬಾಲ. ಮನೆ ಬಾಡಿಗೆ ಪತ್ರದಲ್ಲಿ ಅವನ ಹೆಸರು, ಕಾರಿನ ಕಾಗದದಲ್ಲಿ ಅವನ ಹೆಸರು. ಈ ದೇಶದಲ್ಲಿ ನನ್ನ ಹೆಸರು ಬರಬಹುದಾದ ಜಾಗ ಆ ಒಂದು ಸಾಲು.

ಸಂಜೆ 7

ಕನ್ನಡ ಸಂಘದ ರಾಜ್ಯೋತ್ಸವ. ಶ್ರೀಹರಿ ಮುನ್ನೂರು ಜನಕ್ಕೆ ಬಿಸಿಬೇಳೆಬಾತ್ ಬಡಿಸಿದ. "ನಿನ್ ಗಂಡ ಬಂಗಾರ ಕಣಮ್ಮ" ಎಂದರು ಪಕ್ಕದ ಆಂಟಿ. ಮನೆಗೆ ಮಾರಿ, ಊರಿಗೆ ಉಪಕಾರಿ.

ಕಾರಿನಲ್ಲಿ ಕೆನ್ನೆಗೆ ಬಿತ್ತು. ಸ್ಟೇಜ್ ಮೇಲೆ ಅವನ ಹೆಸರು ಕರೆದಾಗ ಫೋನ್ ನೋಡುತ್ತಿದ್ದೆನಂತೆ. ಬಡಿಸಿದ ಅದೇ ಕೈ. ಇನ್ನೂ ತುಪ್ಪದ ವಾಸನೆ ಇತ್ತು.

ನವೆಂಬರ್ 17, ಭಾನುವಾರ

ಒಳ್ಳೆಯ ದಿನ. ಇಂಥವೂ ಇರುತ್ತವೆ, ಅದೇ ಕಷ್ಟ.

ಅವನೇ ಕಾಫಿ ಮಾಡಿ ತಂದು ಪಕ್ಕದಲ್ಲಿ ಕೂತ. ಗಣಿ ಕಂಪನಿಯ ಇಂಜಿನಿಯರ್, ಸಾಫ್ಟ್‌ವೇರ್ ಗಂಧವಿಲ್ಲ. ತಮಾಷೆ ತೋರಿಸಿದೆ. ಪ್ಯಾಚ್ ಕಳಿಸುವ ಒಬ್ಬ, ಸಿಡ್ನಿಯಲ್ಲಿದ್ದೇನೆ ಎಂದು ಜಂಬ ಕೊಚ್ಚುತ್ತಾನೆ. ಆದರೆ ಪ್ರತಿ ಪ್ಯಾಚಿನ ತಲೆಯಲ್ಲಿ ದಿನಾಂಕ, ಗಂಟೆ, ಪಕ್ಕದಲ್ಲಿ ಆ ಕಂಪ್ಯೂಟರ್ ಯಾವ ಊರಿನ ಗಡಿಯಾರ ನೋಡುತ್ತಿದೆ ಎಂಬ ಅಂಕಿ ತಾನಾಗಿಯೇ ಬೀಳುತ್ತದೆ. ಪರ್ತ್ ಆದರೆ +0800, ಗ್ರೀನ್‌ವಿಚ್‌ಗಿಂತ ಎಂಟು ಗಂಟೆ ಮುಂದೆ. ಇವನದು +0530.

"ಬೆಂಗ್ಳೂರಲ್ಲೇ ಕೂತಿದಾನೆ ನೋಡ್ರೀ."

"ಭಾರೀ ಕಿಲಾಡಿ ಕಣೆ ನೀನು" ಎಂದು ತಲೆ ಸವರಿದ. ಕೈ ಮೇಲೆ ಬಂದಾಗ ಕುತ್ತಿಗೆ ತಾನಾಗಿಯೇ ಒಳಗೆ ಸರಿಯಿತು. ಅವನು ನೋಡಲಿಲ್ಲ.

ನವೆಂಬರ್ 24, ಭಾನುವಾರ, ಸಂಜೆ 5

ಎರಡು ಗಂಟೆಗೆ ವಾರದ ಆಟ, ನನ್ನ ಟೆಸ್ಟ್ ಸರ್ವರಿನಲ್ಲಿ. ಹನ್ನೊಂದು ಕನ್ನಡಿಗರು. ನನ್ನ ಹೆಸರು 'ಸುತ್ತಿಗೆ', ಆಯುಧವೂ ಅದೇ. ಬ್ರಿಸ್ಬೇನ್‌ನ ನಿಸರ್ಗಳದ್ದು 'ಚಕ್ಲಿ'. ಮಾಸ್ಟರ್ಸ್ ಓದುತ್ತಾ ಟೂವಾಂಗ್‌ನಲ್ಲಿ ಸರ್ವೋ ಕೆಲಸ — ಪೆಟ್ರೋಲ್ ಬಂಕು. ಮುಖ ನೋಡಿಲ್ಲ, ದನಿ ಮಾತ್ರ. "ಬೇಗ್ ಸಾಯ್ರಪ್ಪ, ಐದಕ್ಕೆ ಸರ್ವೋ ಶಿಫ್ಟ್ ಇದೆ" ಎನ್ನುವುದು ಅವಳ ವಾರದ ಮಾತು.

ಶ್ರೀಹರಿ ಎದುರು ತಂಡ, ಪಕ್ಕದ ರೂಮಿನಿಂದ. ಏಳು ಸಲ ಕೊಂದೆ. ಏಳನೆಯ ಸಲ ಎಲ್ಲರೂ ಓಹೋ ಎಂದು ನಕ್ಕರು. ಅವನು ರೂಮಿಗೆ ಬಂದ, ನನ್ನ ಹೆಡ್‌ಫೋನ್ ಕಿತ್ತು ಅದರಲ್ಲೇ ಬಾಯಿಗೆ ಎರಡು ಬಾರಿಸಿ, ಕೂದಲು ಹಿಡಿದು ಹಣೆಯನ್ನು ಮೇಜಿಗೆ ಕುಟ್ಟಿ, ಹೋಗಿ ಮತ್ತೆ ಆಟಕ್ಕೆ ಕೂತ.

ನೆಲದ ಮೇಲಿದ್ದ ಹೆಡ್‌ಫೋನಿನಿಂದ ನಿಸರ್ಗಳ ಸಣ್ಣ ದನಿ. ಮೈಕ್ ಆನ್ ಇತ್ತು.

"ಇಂದು ಅಕ್ಕಾ? ಆ ಸದ್ದು ಗೇಮಿಂದಲ್ಲ ಅಲ್ವಾ?"

"ಕುರ್ಚಿ ಬಿತ್ತು ಕಣೇ."

"ಕುರ್ಚಿ ಅಮ್ಮಾ ಅನ್ನಲ್ಲ ಅಕ್ಕಾ."

ಆಮೇಲೆ ಅವಳ ನಂಬರ್ ಕಳಿಸಿದಳು. ಏನೂ ಬರೆದಿರಲಿಲ್ಲ, ನಂಬರ್ ಮಾತ್ರ.

ಡಿಸೆಂಬರ್ 1, ಭಾನುವಾರ

ಸೇರಿತು!! ರೆಡ್‌ಮೋಟ್ ಸರ್ವರ್ ಇನ್ನು ಫ್ರೀಬಿಎಸ್‌ಡಿಯ ಪೋರ್ಟ್‌ಗಳಲ್ಲಿ, ಒಲೆಗೆ ಒಗ್ಗಿಸಿದ ಪಾತ್ರೆಗಳಲ್ಲಿ, ಒಂದು. ಮೇಂಟೇನರ್ ಇಂದುಮತಿ. ನಾಲ್ಕು ಸಲ ಆ ಪೇಜ್ ತೆರೆದು ನೋಡಿದೆ. ಶ್ರೀಹರಿಗೆ ಹೇಳಲೋ ಬೇಡವೋ. ಹೇಳುತ್ತೇನೆ, ಮೂಡ್ ನೋಡಿಕೊಂಡು.

ಡಿಸೆಂಬರ್ 13, ಶುಕ್ರವಾರ. ಟೂವಾಂಗ್, ಬ್ರಿಸ್ಬೇನ್

ಎಡಗೈ ಬರಹ. ಕಾಗೆ ಕಾಲು.

ನಾಲ್ಕನೇ ತಾರೀಕು ಹೇಳಿದೆ. "ನನ್ನ ಹೆಸರಲ್ಲಿ ಬಂದಿದೆ ನೋಡಿ" ಎಂದೆ. ನೋಡಿದ. "ನಿನ್ನಪ್ಪನ ಹೆಸ್ರೂ ಇಲ್ಲ, ನನ್ ಹೆಸ್ರೂ ಇಲ್ಲ, ಬರೀ ಇಂದುಮತಿ. ಯಾರ್ ನೀನು?" ಬಲಗೈ ಲ್ಯಾಪ್‌ಟಾಪಿನ ಕೀಬೋರ್ಡ್ ಮೇಲಿತ್ತು. ಮುಚ್ಚಳ ಹಾಕಿದ. ಅದರ ಮೇಲೆ ಮೊಣಕಾಲಿಟ್ಟು, ಪೂರಾ ಭಾರ ಬಿಟ್ಟ. ಎರಡು ಬೆರಳು. ಸದ್ದು ಮೊದಲು ಕೇಳಿಸಿತು, ನೋವು ಆಮೇಲೆ ಬಂತು. ಕಿರುಚಿದ್ದಕ್ಕೆ ಅಡುಗೆಮನೆಯವರೆಗೆ ಎಳೆದುಕೊಂಡು ಹೋಗಿ ಒದ್ದ. ಫ್ರಿಜ್ ಕೆಳಗಿನ ಧೂಳು ನೋಡುತ್ತಾ ಮಲಗಿದ್ದೆ. ಗುಡಿಸಬೇಕಿತ್ತು ಅನ್ನಿಸಿತು. ಎಂಥ ದರಿದ್ರ ತಲೆ ನನ್ನದು.

ಮರುದಿನ ಅವನು ಸೈಟಿಗೆ ಹೋದಮೇಲೆ ನಿಸರ್ಗಳಿಗೆ ಫೋನ್. ಒಂದು ಗಂಟೆಯಲ್ಲಿ ಟಿಕೆಟ್ ಬಂತು. ಪಾಸ್‌ಪೋರ್ಟ್, ಹಿಂಜ್ ಮುರಿದ ಲ್ಯಾಪ್‌ಟಾಪ್, ಈ ನೋಟ್‌ಬುಕ್. ಏರ್‌ಪೋರ್ಟಿನಲ್ಲಿ ಐದಡಿಯ ಹುಡುಗಿ, ಕೈಯಲ್ಲಿ ರಟ್ಟು, ಅದರ ಮೇಲೆ ದಪ್ಪಕ್ಷರದಲ್ಲಿ 'ಸುತ್ತಿಗೆ'. ಅಲ್ಲೇ ನಿಂತು ಅತ್ತುಬಿಟ್ಟೆ.

ಡಿಸೆಂಬರ್ 22, ಭಾನುವಾರ

ಎಂಟು ಬೆರಳಿನಲ್ಲಿ ಟೈಪ್ ಮಾಡುವುದು ಕಲಿತೆ. ರೆಡ್‌ಮೋಟ್ ಹೊಸ ಆವೃತ್ತಿ ಬಂದಿತ್ತು, ಪ್ಯಾಚ್ ಮಾಡಿ ಕಳಿಸಿದೆ. ಮಧ್ಯಾಹ್ನ ಆಲಿಕಲ್ಲು ಬಿತ್ತು. ನಿಸರ್ಗ ಸರ್ವೋದಿಂದ ಮಿಕ್ಕಿದ ಪೈ ತಂದಳು, ಮೇಲೆ ಚಟ್ನಿಪುಡಿ ಉದುರಿಸಿ ತಿಂದೆವು. ಪೊಲೀಸರು ಹೇಳಿಕೆ ಬರೆದುಕೊಂಡಿದ್ದಾರೆ. ಹತ್ತಿರ ಬರಬಾರದು ಎಂಬ ಆದೇಶ ಅವನಿಗೆ ಪರ್ತ್‌ನಲ್ಲಿ ತಲುಪಿದೆಯಂತೆ.

ಡಿಸೆಂಬರ್ 26, ಗುರುವಾರ

ಹೊಸ ನಂಬರಿನಿಂದ ಮೆಸೇಜ್. "ಬ್ರಿಸ್ಬೇನ್‌ನಲ್ಲಿ ಸೆಕೆ ಜಾಸ್ತಿ ಅಲ್ವಾ ಇಂದು? ಬರ್ತೀನಿ, ತಣ್ಣಗೆ ಮಾಡ್ತೀನಿ."

ಹೇಗೆ? ಅಮ್ಮನಿಗೂ ಊರು ಹೇಳಿಲ್ಲ. ಅರ್ಧ ದಿನ ತಲೆ ಕೆಡಿಸಿಕೊಂಡೆ. ಆಮೇಲೆ ನನ್ನದೇ ಪ್ಯಾಚ್ ತೆರೆದೆ, ಪೋರ್ಟಿನ ಪೇಜಿನಲ್ಲಿ ಯಾರು ಬೇಕಾದರೂ ನೋಡಬಹುದು. ತಲೆಯಲ್ಲಿ +1000. ಸಿಡ್ನಿ, ಮೆಲ್ಬರ್ನ್ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತವೆ. ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ ತಿರುಗಿಸುವುದಿಲ್ಲ. ಡಿಸೆಂಬರಿನಲ್ಲಿ +1000 ಎಂದರೆ ಬ್ರಿಸ್ಬೇನ್, ಕಣ್ಣು ಮುಚ್ಚಿ ಹೇಳಬಹುದು.

ಕಾಫಿ ಕುಡಿಯುತ್ತಾ ಈ ವಿದ್ಯೆ ಕಲಿಸಿದ ಗುರು ನಾನೇ. ಮಾಡಿದ್ದುಣ್ಣೋ ಮಹರಾಯ.

"ಆ ಪೋರ್ಟ್ ಬಿಟ್ಬಿಡಿ ಅಕ್ಕಾ, ಬೇರೆ ಯಾರಾದ್ರೂ ನೋಡ್ಕೊತಾರೆ" ಎಂದಳು ನಿಸರ್ಗ.

"ಬೆರಳು ಕೊಟ್ಟು ತಗೊಂಡಿರೋ ಹೆಸ್ರು ಕಣೇ. ಬಿಡಲ್ಲ."

"ಹಂಗಾದ್ರೆ ಊರಾದ್ರೂ ಬಿಡಿ. ಅಡಿಲೇಡ್‌ನಲ್ಲಿ ಅಮ್ಮನ್ ಫ್ರೆಂಡ್ ಇದಾರೆ."

ಜನವರಿ 8, 2025. ಬುಧವಾರ. ಸೆಮಫೋರ್, ಅಡಿಲೇಡ್

ಜಯಮಾಲಾ ಆಂಟಿಯ ಮನೆ. ರಿಟೈರ್ಡ್ ನರ್ಸ್, ಒಬ್ಬರೇ. ಬಂದ ದಿನವೇ ನನ್ನ ಬೆರಳು ಹಿಡಿದು ಮಡಿಸಿ ನೋಡಿದರು. "ಇದು ಪೂರ್ತಿ ಸರಿ ಹೋಗಲ್ಲಮ್ಮ. ಬಲಗೈ ಮುಷ್ಟಿ ಇನ್ಮೇಲೆ ಕೂರಲ್ಲ." ಅದೂ ಇದೂ ಸುತ್ತಿ ಬಳಸಿ ಹೇಳುವವರಲ್ಲ. ಇಷ್ಟವಾದರು.

ಇಲ್ಲಿಯ ಗಡಿಯಾರ ವಿಚಿತ್ರ, ಬ್ರಿಸ್ಬೇನ್‌ಗಿಂತ ಅರ್ಧ ಗಂಟೆ ಮುಂದೆ. +1030. ಪ್ಯಾಚ್ ಮೇಲೆ ಅದು ಬಿದ್ದರೆ ಅಡಿಲೇಡ್ ಎಂದು ಹಣೆಯ ಮೇಲೆ ಬರೆದುಕೊಂಡಂತೆ. ಹಾಗಾಗಿ ಲ್ಯಾಪ್‌ಟಾಪಿಗೆ ಒಂದು ಸಾಲು ಸೇರಿಸಿದೆ. ಅದು ಈಗ ಬ್ರಿಸ್ಬೇನಿನಲ್ಲೇ ಇದ್ದೇನೆ ಅಂದುಕೊಂಡಿದೆ. ಹೋಗಲಿ, ಅವನು ಅಲ್ಲೇ ಬಿಸಿಲಲ್ಲಿ ಗಲ್ಲಿ ಗಲ್ಲಿ ಅಲೆಯಲಿ.

ಬಹಳ ದಿನದ ಮೇಲೆ ನನ್ನ ಬುದ್ಧಿ ನೋಡಿ ನನಗೇ ಖುಷಿಯಾಯಿತು.

ಜನವರಿ 19, ಭಾನುವಾರ

ಇನ್ನೂ ಎರಡು ಪ್ಯಾಚ್. ಎರಡರ ತಲೆಯಲ್ಲೂ +1000. ಲ್ಯಾಪ್‌ಟಾಪಿನ ಗಡಿಯಾರ ನಂಬಿ ಅರ್ಧ ಗಂಟೆ ತಡವಾಗಿ ಹೋಗಿ ಬಸ್ ತಪ್ಪಿಸಿಕೊಂಡೆ, ಒಬ್ಬಳೇ ನಕ್ಕೆ.

ನಿಸರ್ಗ ಫೋನಿನಲ್ಲಿ, "ಎಲ್ಲಾ ಸೇಫ್ ತಾನೇ?" ಎಂದಳು. ಗಡಿಯಾರದ ವಿಷಯ ಹೇಳಲಿಲ್ಲ. ಹೇಳಿದರೆ ಹೆದರುತ್ತಾಳೆ. ಅವಳ ಮನೆ ಅವನಿಗೆ ಗೊತ್ತಿಲ್ಲವಲ್ಲ.

ಫೆಬ್ರವರಿ 6, ಗುರುವಾರ

ನಿಸರ್ಗಳನ್ನು ಹೊಡೆದಿದ್ದಾನೆ.

ಅವಳ ರೂಮ್‌ಮೇಟ್ ಫೋನ್ ಮಾಡಿದಳು. ನಿನ್ನೆ ಮಧ್ಯಾಹ್ನ ಮೂರಕ್ಕೆ, ಶಿಫ್ಟ್ ಮುಗಿಸಿ ಹಿಂದಿನ ಬಾಗಿಲಿಂದ ಬಂದಾಗ. ಮನೆ ಗೊತ್ತಿರಲಿಲ್ಲ. ಸರ್ವೋ ಗೊತ್ತಿತ್ತು. ಪ್ರತಿ ಭಾನುವಾರ ಹೆಡ್‌ಫೋನಿನಲ್ಲಿ ಕೇಳುತ್ತಿದ್ದನಲ್ಲ — ಟೂವಾಂಗ್, ಸರ್ವೋ, ಶಿಫ್ಟ್. ನಾನೂ ಕೇಳುತ್ತಿದ್ದೆ. ಹೊಳೆಯಲಿಲ್ಲ. ಅಯ್ಯೋ, ಹೊಳೆಯಲೇ ಇಲ್ಲ.

ಟಯರ್ ಬಿಚ್ಚುವ ಸ್ಪ್ಯಾನರ್. ದವಡೆ ಎರಡು ಕಡೆ ಮುರಿದಿದೆ. ಎರಡು ಹಲ್ಲು ಡಾಂಬರಿನ ಮೇಲೆ ಸಿಕ್ಕವಂತೆ. ಹೆಗಲ ಮೂಳೆ. ಬಿದ್ದ ಮೇಲೂ ಹೊಡೆದನಂತೆ. ಗಿರಾಕಿಯೊಬ್ಬ ಕಿರುಚಿಕೊಂಡು ಓಡಿ ಬಂದಾಗ ಕಾರು ಹತ್ತಿ ಹೋದ.

ಅವನನ್ನು ಬ್ರಿಸ್ಬೇನಿನಲ್ಲಿ ಹಿಡಿದಿಟ್ಟದ್ದು ನನ್ನ ಒಂದು ಸಾಲು. ಸ್ಪ್ಯಾನರ್ ಅವನದು, ದಾರಿ ತೋರಿಸಿದ್ದು ನಾನು.

ಫೆಬ್ರವರಿ 9, ಭಾನುವಾರ

ವಿಡಿಯೋ ಕಾಲ್. ಮುಖ ಗುರುತು ಸಿಗಲಿಲ್ಲ. ದವಡೆಗೆ ತಂತಿ ಕಟ್ಟಿದ್ದಾರೆ, ಮಾತಾಡುವ ಹಾಗಿಲ್ಲ. ನನ್ನನ್ನು ನೋಡುತ್ತಾ ಟೈಪ್ ಮಾಡಿದಳು.

"ಎಲ್ಲಿದಾಳೆ ಅಂತ ಕೇಳ್ದ. ಎರಡ್ ಹಲ್ಲು ಕೊಟ್ಟೆ. ಊರು ಕೊಡ್ಲಿಲ್ಲ."

ಆಗ ಗಡಿಯಾರದ ವಿಷಯ ಹೇಳಿದೆ. ಎಲ್ಲ ಹೇಳಿದೆ. ಅವಳು ಟೈಪ್ ಮಾಡಿದಳು, ಅಳಿಸಿದಳು, ಮತ್ತೆ ಟೈಪ್ ಮಾಡಿದಳು. ಕೊನೆಗೆ ಬಂದದ್ದು ಇಷ್ಟು.

"ನಂಗೆ ಒಂದ್ ಮಾತು ಹೇಳ್ಬೇಕಿತ್ತು ಅಕ್ಕಾ."

ಬೈದಿದ್ದರೆ ಚೆನ್ನಾಗಿತ್ತು. ಕಾಲ್ ಮುಗಿದ ಮೇಲೆ ಬಾತ್‌ರೂಮಿಗೆ ಹೋಗಿ ಬಾಯಿಗೆ ಟವೆಲ್ ತುರುಕಿಕೊಂಡು ಕಿರುಚಿದೆ.

ಫೆಬ್ರವರಿ 12, ಬುಧವಾರ

ಪೊಲೀಸರು ಹುಡುಕುತ್ತಿದ್ದಾರೆ. ಕಾರು ಸಿಕ್ಕಿದೆ, ಅವನಿಲ್ಲ. ಫೋನ್ ನಂಬರುಗಳು ಒಂದು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಇವತ್ತಿನದರಿಂದ:

"ಆ ಹುಡುಗಿ ಡಿಸ್ಚಾರ್ಜ್ ಆಗೋವರ್ಗೂ ಕಾಯ್ತೀನಿ. ಇನ್ನೂ ಮೂವತ್ತು ಹಲ್ಲಿದೆ. ಒಂದೊಂದಕ್ಕೂ ಒಂದೊಂದ್ ಸಲ ಕೇಳ್ತೀನಿ."

ಸ್ಕ್ರೀನ್‌ಶಾಟ್ ತೆಗೆದು ಕಾನ್‌ಸ್ಟೆಬಲ್‌ಗೆ ಕಳಿಸಿದೆ. ಇಲ್ಲಿಯ ಸ್ಟೇಷನ್ನಿನ ಹೆಂಗಸು, ಒಳ್ಳೆಯವಳು. ಡಿಸ್ಚಾರ್ಜ್ 24ಕ್ಕೆ. ಅಷ್ಟರೊಳಗೆ ಅವನು ಬ್ರಿಸ್ಬೇನ್ ಬಿಡಬೇಕು. ಬಿಡಿಸುವ ಕೀಲಿ ಯಾರ ಹತ್ತಿರ ಇದೆ ಎಂದು ನನಗೆ ಗೊತ್ತು.

ಫೆಬ್ರವರಿ 15, ಶನಿವಾರ

ಹಾರ್ಡ್‌ವೇರ್ ಅಂಗಡಿಯಲ್ಲಿ ಸುತ್ತಿಗೆ ಕೊಂಡೆ. ಮರದ ಹಿಡಿ, ಅರ್ಧ ಕೆಜಿ ತಲೆ. ಎಡಗೈಯಲ್ಲಿ ಎತ್ತಿ ಎತ್ತಿ ನೋಡಿ ಆರಿಸಿದೆ. ಜಯಮಾಲಾ ಆಂಟಿ ಟೇಬಲ್ ಮೇಲೆ ನೋಡಿದರು.

"ಗೋಡೆಗೆ ಏನಾದ್ರೂ ಹೊಡೀಬೇಕಿತ್ತಾ?"

"ಹೂಂ ಆಂಟಿ."

"ಮೊಳೆ ಎಲ್ಲಿ?"

ಅವರು ಮಜ್ಜಿಗೆ ಹುಳಿಗೆ ಒಗ್ಗರಣೆ ಹಾಕಿ, ಗ್ಯಾಸ್ ಆರಿಸಿ, ಎದುರಿಗೆ ಕೂತರು. "ನಲವತ್ ವರ್ಷ ಎಮರ್ಜೆನ್ಸಿಲಿ ಕೆಲ್ಸ ಮಾಡಿದೀನಿ ಇಂದು. ಹೊಡೆದವ್ರನ್ನೂ ನೋಡಿದೀನಿ, ಹೊಡೆಸ್ಕೊಂಡವ್ರನ್ನೂ ನೋಡಿದೀನಿ. ಹೊಡೆದವ್ರು ಯಾರೂ ಹಗುರಾಗಿ ಹೋಗಿದ್ ನೋಡ್ಲಿಲ್ಲ."

ಅವನು ಹಗುರಾಗಿಯೇ ಇದ್ದಾನಲ್ಲ, ಆಂಟಿ. ಗೇಮಿನಲ್ಲಿ ಏಳು ಸಲ ಕೊಂದಿದ್ದೆ. ಒಂದು ಸಲವೂ ಕೈಗೆ ಭಾರ ಗೊತ್ತಾಗಿರಲಿಲ್ಲ.

ಫೆಬ್ರವರಿ 17, ಸೋಮವಾರ, ಮಧ್ಯಾಹ್ನ 3.30

ಲ್ಯಾಪ್‌ಟಾಪಿನ ಆ ಸಾಲು ಅಳಿಸಿದೆ. ಪ್ಯಾಚ್ ಕಳಿಸಿದೆ. ತಲೆಯಲ್ಲಿ +1030.

ಊರು ಸಾಕಾಗುವುದಿಲ್ಲ, ಜಾಗವೂ ಬೇಕು. ಪ್ಯಾಚಿನ ಜೊತೆ ಸರ್ವರ್ ಓಡಿಸಿ ನೋಡಿದ ಲಾಗ್, ಅಂದರೆ ದಾಖಲೆ, ಅಂಟಿಸುವುದು ನಮ್ಮಲ್ಲಿ ಪದ್ಧತಿ. ಅಂಟಿಸುವ ಮೊದಲು ಖಾಸಗಿ ವಿವರ ಅಳಿಸುತ್ತೇವೆ. ಹೊಸಬರು ಮರೆಯುತ್ತಾರೆ. ನಾನೂ 'ಮರೆತೆ'. ಮೂರನೇ ಸಾಲಿನಲ್ಲಿ ಸೆಮಫೋರ್ ಲೈಬ್ರರಿಯ ವೈಫೈ ಹೆಸರು, ಪಕ್ಕದಲ್ಲಿ ಸಮಯ 15:12. ನಾಳೆ, ನಾಡಿದ್ದು, ಇದೇ ಹೊತ್ತಿಗೆ ಇನ್ನೆರಡು ಹಾಕುತ್ತೇನೆ.

ಬಲೆ ಇರಬಹುದು ಎಂದು ಅವನಿಗೆ ಅನ್ನಿಸುವುದಿಲ್ಲ. ನನ್ನ ದಡ್ಡತನದ ಮೇಲೆ ಅವನಿಗೆ ಅಷ್ಟು ನಂಬಿಕೆ.

ಕಾನ್‌ಸ್ಟೆಬಲ್‌ಗೆ ಹೇಳಿದೆ. ಕೂಗಾಡಿದಳು. ಲೈಬ್ರರಿಗೆ ಹೋಗಲೇ ಬೇಡ ಎಂದಳು. ಕಳಿಸಿಯಾಗಿದೆ ಎಂದೆ, ನಾನಿಲ್ಲದಿದ್ದರೆ ಅವನು ಮತ್ತೆ ಬ್ರಿಸ್ಬೇನಿಗೆ ತಿರುಗುತ್ತಾನೆ ಎಂದೆ. ಕೊನೆಗೆ ಎರಡು ಬೀದಿ ಆಚೆ ಕಾರು ನಿಲ್ಲಿಸಲು ಒಪ್ಪಿದಳು. ನಿಯಮ ಒಂದೇ. ಅವನು ಕಂಡ ತಕ್ಷಣ ಮೊದಲು ಮೆಸೇಜ್. ಆಮೇಲೆ ಒಳಗೆ ಓಡು. ಎರಡು ನಿಮಿಷದಲ್ಲಿ ನಾವಿರುತ್ತೇವೆ. ಮೊದಲು ಮೆಸೇಜ್. ಮೂರು ಸಲ ನನ್ನ ಬಾಯಲ್ಲೇ ಹೇಳಿಸಿದಳು.

ಸುತ್ತಿಗೆಯ ವಿಷಯ ಅವಳಿಗೆ ಹೇಳಿಲ್ಲ.

ಫೆಬ್ರವರಿ 20, ಗುರುವಾರ, ಮಧ್ಯಾಹ್ನ 4

ಲೈಬ್ರರಿ ಹಿಂದಿನ ಬೆಂಚು. ವೈಫೈ ಗೋಡೆಯಾಚೆಗೂ ಸಿಗುತ್ತದೆ. ಮೂವತ್ತೊಂಬತ್ತು ಡಿಗ್ರಿ, ಈ ಕಡೆ ನರಪಿಳ್ಳೆ ಸುಳಿಯುವುದಿಲ್ಲ. ಅದಕ್ಕೇ ಇಲ್ಲಿ ಕೂತದ್ದು. ನನ್ನಿಂದ ಇನ್ನೊಬ್ಬರಿಗೆ ಪೆಟ್ಟು ಬೀಳಬಾರದು.

ಅದೊಂದೇ ಕಾರಣವಾ? ಇಲ್ಲಿ ಯಾರು ಓದುತ್ತಾರೆ, ನಿಜ ಬರೆಯೋಣ. ಯಾರೂ ಇಲ್ಲದ ಜಾಗ ನನಗೂ ಬೇಕು. ಎರಡು ನಿಮಿಷ ಎಂದಳಲ್ಲ, ಆ ಎರಡು ನಿಮಿಷ ಐದಾಗಲಿ ಎಂದು ನಿನ್ನೆಯಿಂದ ಬೇಡಿಕೊಳ್ಳುತ್ತಿದ್ದೇನೆ. ಮೊದಲು ಮೊಣಕಾಲು. ಮುಚ್ಚಳದ ಮೇಲಿಟ್ಟ ಆ ಮೊಣಕಾಲು. ಆಮೇಲೆ ಬಡಿಸುವ ಕೈ, ಬೆರಳು ಒಂದೊಂದಾಗಿ. ಆಮೇಲೆ ಹಲ್ಲು. ಪಟ್ಟಿ ಮನಸ್ಸಿನಲ್ಲಿ ಮೇಲಿಂದ ಕೆಳಕ್ಕೆ ಬರುತ್ತದೆ, ಮುಗಿದರೆ ಮತ್ತೆ ಮೊದಲಿನಿಂದ. ಅವನು ಬರುತ್ತಾನೆ ಎಂಬ ಹೆದರಿಕೆ ಇಲ್ಲ. ಬಾರದೇ ಹೋದರೆ ಎಂಬ ಹೆದರಿಕೆ ಇದೆ. ಇದು ಒಳ್ಳೆಯದಲ್ಲ.

ಈಗಷ್ಟೇ ನಿಸರ್ಗಳ ಮೆಸೇಜ್. "ಇವತ್ತು ಸ್ಟ್ರಾದಲ್ಲಿ ರಾಗಿ ಗಂಜಿ ಕುಡ್ದೆ. ಅಕ್ಕಾ, ಮುಂದಿನ್ ಆಟ ಯಾವಾಗ? ನಾನ್ ನಿಮ್ ಟೀಮ್‌ಗೇ."

ಫೋನನ್ನು ಚೀಲಕ್ಕೆ ಹಾಕಿದೆ, ಸುತ್ತಿಗೆಯ ಪಕ್ಕ.

ಫೆಬ್ರವರಿ 21, ಶುಕ್ರವಾರ, ಮಧ್ಯಾಹ್ನ 3.05

ಬೆಂಚು. ಬಿಸಿಲು. ನಿಸರ್ಗಳಿಗೆ ಉತ್ತರ ಕಳಿಸಿದೆ, ಮುಂದಿನ ಭಾನುವಾರ ಎಂದು. ಇವತ್ತಿನ ಪ್ಯಾಚ್ ಕಳಿಸಿಯಾಯಿತು. ಸಣ್ಣದು, ಸರ್ವರ್ ನಿಲ್ಲಿಸುವಾಗ ಆಟಗಾರರಿಗೆ ಹತ್ತು ಸೆಕೆಂಡ್ ಮುಂಚೆ ಎಚ್ಚರಿಕೆ ಕೊಡುವಂತೆ. ಇಲ್ಲದಿದ್ದರೆ ಕತ್ತಿ ಎತ್ತಿದವರು ಎತ್ತಿದ ಹಾಗೇ ನಿಂತುಬಿಡುತ್ತಿದ್ದರು.

3.20

ಫೋನಿನಲ್ಲಿ ಮೆಸೇಜ್ ಟೈಪ್ ಆಗಿಯೇ ಇದೆ — 'ಬಂದ'. ಸೆಂಡ್ ಒತ್ತಿದರೆ ಸಾಕು. ಫೋನ್ ಬೆಂಚಿನ ಮೇಲೆ ಎಡಗಡೆ. ಚೀಲವೂ ಎಡಗಡೆ, ಜಿಪ್ ತೆರೆದಿದೆ.

3.41

ಬಂದ.

ಪಾರ್ಕಿಂಗ್ ಆಚೆ, ನೀಲಿ ಕ್ಯಾಪ್. ತೆಳ್ಳಗಾಗಿದ್ದಾನೆ. ನೋಡಿದ. ನಗುತ್ತಿದ್ದಾನೆ — ಸಂಘದ ನಗು, ಇನ್ನೊಂದು ಸೌಟು ಹಾಕ್ಲಾ ಎನ್ನುವ ನಗು. ಬಲಗೈ ಬೆನ್ನ ಹಿಂದೆ. ಓಡುತ್ತಿಲ್ಲ. ನಾನು ಓಡುವುದಿಲ್ಲ ಎಂದು ಗೊತ್ತು ಅವನಿಗೆ. ಐವತ್ತು ಹೆಜ್ಜೆ. ಲೈಬ್ರರಿಯ ಬಾಗಿಲು ನನಗೆ ಹತ್ತು.

ಎಡಗೈಯಲ್ಲಿ ಪೆನ್ನಿದೆ. ಇದನ್ನು ಕೆಳಗಿಡಬೇಕು. ಇಟ್ಟು, ಫೋನ್ ಎತ್ತಬೇಕು. ಸುತ್ತಿಗೆಯ ಹಿಡಿ ಅದಕ್ಕಿಂತ ಹತ್ತಿರ ಇದೆ. ಮೊದಲು